ಉಪಾಧ್ಯಾಯರನ್ನು ಯಾವ ತಕ್ಕಡಿಯಲ್ಲಿ ತೂಗೋಣ?

2023ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ರಾಜ್ಯ ಫಲಿತಾಂಶ ಶೇ. 83.89 ಇತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕ್ಯಾಸ್ಟಿಂಗ್ ಕಣ್ಗಾವಲು ಬಂದಿತು. ಕೃಪಾಂಕವನ್ನು ಹೆಚ್ಚಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಮ್ಮ ಉಪಾಧ್ಯಾಯರೆಲ್ಲ ಕಲಿಸುವುದನ್ನು ಮರೆತುಬಿಟ್ಟರೆ? ಹಾಗೆನ್ನಲು ಯಾರಿಗೂ ಬಾಯಿ ಬಾರದು. ಆದರೂ ಫಲಿತಾಂಶ ಕುಸಿದ ಶಾಲೆಯ ಶಿಕ್ಷಕರಿಂದ ಸಮಜಾಯಿಷಿ ಕೇಳುವ ಪದ್ಧತಿ ಮಾತ್ರ ನಿಂತಿಲ್ಲ.

2024ರಲ್ಲಿ ಉಡುಪಿ ಜಿಲ್ಲೆ ಶೇ. 94ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ಯಾದಗಿರಿ ಶೇ. 50.59ರೊಂದಿಗೆ ಕೊನೆಯದು. ಕರಾವಳಿಯವರಾದ ನಾವು ಬೀಗಿದೆವು. ಗುಳೆ ಹೋಗುವ ತಂದೆತಾಯಿಯ ಹಿಂದೆ ತಿಂಗಳುಗಟ್ಟಲೆ ಶಾಲೆ ಬಿಡುವ ಮಗುವಿಗೆ ಓದು ಕಲಿಸಿದ ಯಾದಗಿರಿಯ ಉಪಾಧ್ಯಾಯರ ದುಡಿಮೆ ಆ ಅಂಕಿಯಲ್ಲಿ ಎಲ್ಲಿ ಕಾಣುತ್ತದೆ? ಹೀಗೆ ಗುಳೆ ಬಂದವರ ಮಕ್ಕಳು ಇಂದು ನಮ್ಮ ಧರ್ಮಕೇಂದ್ರಗಳ ಅನುದಾನಿತ ಕನ್ನಡ ಶಾಲೆಗಳಲ್ಲೂ ಇದ್ದಾರೆ. ನಮ್ಮ ಮಕ್ಕಳನ್ನು ನಾವು ಆಂಗ್ಲ ಮಾಧ್ಯಮಕ್ಕೆ ಕಳುಹಿಸಿಯಾಗಿದೆ. ಶೇ. 100ರ ಫಲಕ ತೂಗಿಸುವ ಆಸೆಗೆ ಒಂಬತ್ತನೆಯ ತರಗತಿಯಲ್ಲೇ ದುರ್ಬಲ ವಿದ್ಯಾರ್ಥಿಯ ಕೈಗೆ ವರ್ಗಾವಣೆ ಪತ್ರ ಕೊಡುವ ಸಂಸ್ಥೆ ನಮ್ಮಲ್ಲಿಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೆ?

ಈ ತಕ್ಕಡಿ ಹಳೆಯದು. 1862ರಲ್ಲಿ ಇಂಗ್ಲೆಂಡು ಫಲಿತಾಂಶಕ್ಕೆ ತಕ್ಕಂತೆ ಅನುದಾನ ಕೊಡತೊಡಗಿತು. ಮದ್ರಾಸ್ ಪ್ರಾಂತ್ಯಕ್ಕೂ ಅದು ಬಂದಿತು. ಮಕ್ಕಳು ಅರ್ಥ ತಿಳಿಯದೆ ಉರುಹೊಡೆದರು. 1904ರ ಶಿಕ್ಷಣ ನೀತಿ ನಿರ್ಣಯದಲ್ಲಿ ಬ್ರಿಟಿಷ್ ಭಾರತ ಸರ್ಕಾರವೇ ಅದನ್ನು ಕೈಬಿಟ್ಟಿತು.

ಸಂತ ಮತ್ತಾಯನ ಶುಭಸಂದೇಶದಲ್ಲಿ ಬರುವ ತಲಾಂತುಗಳ ಸಾಮತಿ ನಮಗೆ ಪರಿಚಿತ. ಐದನ್ನು ಪಡೆದು ಹತ್ತಾಗಿಸಿದವನಿಗೂ ಎರಡನ್ನು ನಾಲ್ಕಾಗಿಸಿದವನಿಗೂ ಯಜಮಾನನಿಂದ ದೊರೆತ ಮೆಚ್ಚುಗೆ ಒಂದೇ. ನಾಲ್ಕು ಹತ್ತಕ್ಕಿಂತ ಕಡಿಮೆಯೆಂದು ಅವನು ನೋಟಿಸು ಕಳುಹಿಸಲಿಲ್ಲ. ಹೂತಿಟ್ಟವನನ್ನು ಮಾತ್ರ ದಂಡಿಸಿದನು.

ಹೂತಿಡುವವರು ನಮ್ಮ ನಡುವೆಯೂ ಇದ್ದಾರೆ. ಟ್ಯೂಷನ್ನಿನ ಬಲದಿಂದ ತೇರ್ಗಡೆಯಾಗುವ ಮಕ್ಕಳ ಹಿಂದೆ, ಕಲಿಸದ ಉಪಾಧ್ಯಾಯರು ನೆಮ್ಮದಿಯಿಂದ ಅಡಗಿರುತ್ತಾರೆ. ಶೇಕಡಾವಾರು ಅಂಕಿ ಅವರನ್ನು ಹಿಡಿಯಲಾರದು. 1950ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ಶಿಕ್ಷಕರ ಪಾಲಕ ಸಂತರೆಂದು ಸಾರಿದ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್, ತಮ್ಮ ಶಾಲೆಗಳ ನಿಯಮಗ್ರಂಥದಲ್ಲಿ ಮೇಲ್ವಿಚಾರಕನ ಕರ್ತವ್ಯಗಳಿಗೇ ಒಂದು ಭಾಗವನ್ನು ಮೀಸಲಿಟ್ಟಿದ್ದರು. ತರಗತಿಯಲ್ಲಿ ಕುಳಿತು ನೋಡಬಲ್ಲ ಅಂಥ ಅನುಭವಿ ನಿವೃತ್ತ ಶಿಕ್ಷಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಜೂನ್ ತಿಂಗಳಲ್ಲಿ ಮಗು ಏನನ್ನು ಓದಲಾರದೆ ಇತ್ತು, ಫೆಬ್ರವರಿಯಲ್ಲಿ ಏನನ್ನು ಓದಿತು ಎಂಬುದನ್ನು ಬರೆದಿಡಲು ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ ಸಾಕು. ಬರುವ ಜೂನ್ ತಿಂಗಳಿಂದಲೇ ನಮ್ಮ ಆಡಳಿತ ಮಂಡಳಿಗಳು ಅದನ್ನು ತೆರೆಯಬಹುದು. ಅದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ.