ಮನೆ ಕಟ್ಟುವ ಆಟ

ಅಜ್ಜಿಯೊಡನೆ ಚೌಕಾಬಾರ ಆಡಿದ್ದೀರಾ? ಅದರ ಒಂದೊಂದು ಚೌಕಕ್ಕೂ ನಮ್ಮವರು ‘ಮನೆ’ ಎನ್ನುತ್ತಾರೆ. ಅಂಥದೇ ಆಟವನ್ನು ನಿಜವಾದ ಮನೆಗಳಲ್ಲಿ ನೋಡಬೇಕೆ? ಕಾಮೋಠೆಯ ಮಾನಸರೋವರ ನಿಲ್ದಾಣದಲ್ಲಿ ರೈಲು ಹತ್ತಿ, ಎರಡನೆಯ ನಿಲ್ದಾಣವಾದ ಬೇಲಾಪುರದಲ್ಲಿ ಇಳಿಯಿರಿ.

ಅಲ್ಲಿನ ‘ಆರ್ಟಿಸ್ಟ್ಸ್ ವಿಲೇಜ್’ ಬಡಾವಣೆಯನ್ನು ಸಿಡ್ಕೊಗಾಗಿ ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ (1930–2015). ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲರೊಡನೆ ನವಿಮುಂಬಯಿಯ ಕಲ್ಪನೆಯನ್ನು ಮುಂದಿಟ್ಟವರೂ ಅವರೇ. ಬಾಲ್ಯದಲ್ಲಿ ಆಟಿಕೆ ರೈಲಿನ ಹಳಿ ಜೋಡಿಸುವುದೆಂದರೆ ಅವರಿಗೆ ಬಲು ಪ್ರೀತಿ.

1980ರ ದಶಕದಲ್ಲಿ ಕಟ್ಟಿದ ಈ ಬಡಾವಣೆಯ ಲೆಕ್ಕ ಸರಳ. ಏಳು ಮನೆಗಳ ನಡುವೆ ಒಂದು ಅಂಗಳ. ಅಂಥ ಮೂರು ಗುಂಪು ಸೇರಿದರೆ 21 ಮನೆಗಳಿಗೆ ಇನ್ನೊಂದು ದೊಡ್ಡ ಅಂಗಳ. ಎರಡು ಮನೆಗಳಿಗೆ ಸೇರಿದ ಗೋಡೆ ಎಂಬುದಿಲ್ಲ. ಹಾಗಾಗಿ ನೆರೆಯವರ ಗೋಡೆ ಮುಟ್ಟದೆ, ಸಂಸಾರ ಬೆಳೆದಂತೆ ಕೋಣೆ ಬೆಳೆಸಬಹುದು. ಮೊದಲ ನಡೆ ಕೊರಿಯಾ ಅವರದು, ಮುಂದಿನದು ಮನೆಯವರದು. ಇಂದು ಅನೇಕ ಹೆಂಚಿನ ಮನೆಗಳು ಹೋಗಿ ಎತ್ತರದ ಕಾಂಕ್ರೀಟು ಮನೆಗಳು ಬಂದಿವೆ. ಇದು ಸೋಲೋ ಗೆಲುವೋ, ನೀವೇ ನೋಡಿ ಹೇಳಿ.

ನಮ್ಮ ಫ್ಲಾಟಿಗೆ ಕೋಣೆ ಸೇರಿಸಲಾಗದು, ನಿಜ. ಆದರೆ ಸೊಸೈಟಿಯ ಖಾಲಿ ಜಾಗದಲ್ಲಿ ಗಾಡಿ ನಿಲ್ಲಬೇಕೋ, ಮಕ್ಕಳು ಆಡಬೇಕೋ, ಅಜ್ಜ ಅಜ್ಜಿ ಕೂರಬೇಕೋ? ಈ ತೀರ್ಮಾನವನ್ನು ಹಿರಿಯರಿಗೇ ಬಿಟ್ಟು ಕೂರಬೇಡಿ. ಸಭೆಗೆ ಮುನ್ನ ಸೀಮೆಸುಣ್ಣ ಹಿಡಿದು, ಅದೇ ನೆಲದ ಮೇಲೆ ಗೆರೆ ಎಳೆದು ತೋರಿಸಿ. ಕವಡೆ ಹಿಡಿದು ಸುಮ್ಮನೆ ಕುಳಿತರೆ ಕಾಯಿ ಹಣ್ಣಾಗುವುದಿಲ್ಲ!