ಅಜ್ಜಿಯ ದನಿ ಉಳಿಸೋಣ

ಭದ್ರಾವತಿ ಕಬ್ಬಿಣದ ಊರು. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಹಾಡಿನ ಕ್ಯಾಸೆಟ್ಟಿನಲ್ಲೂ ಕಬ್ಬಿಣದ ಅಂಶ ಇದೆ. ಗೊತ್ತಾ ಅಕ್ಕಾ?

ಕ್ಯಾಸೆಟ್ಟಿನ ಒಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ಇದೆ. ಅದೇ ಟೇಪು. ಅದಕ್ಕೆ ಕಬ್ಬಿಣದ ತುಕ್ಕಿನಂಥ ಪುಡಿ ಬಳಿದಿರುತ್ತಾರೆ. ನಾವು ಹಾಡಿದಾಗ ಟೇಪ್ ರೆಕಾರ್ಡರು ಆ ಪುಡಿಯಲ್ಲಿ ದನಿಯ ಗುರುತು ಮೂಡಿಸುತ್ತದೆ. ಹೇಗೆ? ಅಯಸ್ಕಾಂತದ ಬಲದಿಂದ.

1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ನಿಸಾರ್ ಅಹಮದ್ ಅವರ ಕವಿತೆಗಳು ಹಾಡಾಗಿ ಮನೆಮನೆ ಸೇರಿದವು. ಅವರು ಶಿವಮೊಗ್ಗದಲ್ಲಿ ಮೇಷ್ಟರಾಗಿದ್ದವರು. ಆ ಹಾಡುಗಳು ಇಂದೂ ಸಿಗುತ್ತವೆ.

ನಿಮ್ಮ ಅಜ್ಜಿಯ ಸೋಬಾನೆ ಪದ? ಎಂದೋ ಮದುವೆಯಲ್ಲಿ ಯಾರೋ ಟೇಪು ಮಾಡಿರಬಹುದು. ಇರುವುದು ಅದೊಂದೇ ಕ್ಯಾಸೆಟ್ಟು. ಮಲೆನಾಡಿನ ಮಳೆಗಾಲದ ಥಂಡಿಗೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ದನಿ ಕೆಡುತ್ತದೆ.

ಏನು ಮಾಡಬೇಕು?

ಹಾಡು, ಕಂಪ್ಯೂಟರು ಅಂದ್ರೆ ಪ್ರಾಣ ಬಿಡುವ ಮಕ್ಕಳು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಅವರನ್ನು ಕೇಳಿ. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಹಾಕುತ್ತಾರೆ. ಕ್ಯಾಸೆಟ್ಟು ಹಾಡುತ್ತಾ ಹೋದಂತೆ ಕಂಪ್ಯೂಟರು ತುಂಬಿಕೊಳ್ಳುತ್ತದೆ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷ ಬೇಕು. ಅವಸರ ಬೇಡ. ಆಮೇಲೆ ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ಮೊಬೈಲಿನಲ್ಲೂ ಕೇಳಬಹುದು.

ನೆನಪಿಡಿ. ಕ್ಯಾಸೆಟ್ಟನ್ನು ಬಿಸಿಲಿನಲ್ಲಿ ಇಡಬೇಡಿ. ಅಯಸ್ಕಾಂತದ ಹತ್ತಿರ ಇಡಬೇಡಿ. ಅದರ ಬೆನ್ನಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತವೆ. ಅವನ್ನು ಮುರಿದು ತೆಗೆಯಿರಿ. ಆಗ ಅಜ್ಜಿಯ ಹಾಡಿನ ಮೇಲೆ ಬೇರೆ ಹಾಡು ತುಂಬಲು ಆಗುವುದಿಲ್ಲ.

ಕೊನೆಗೆ ಡಬ್ಬಿಯ ಮೇಲೆ ಬರೆಯಿರಿ. ಯಾವ ಹಾಡು? ಹಾಡಿದವರು ಯಾರು? ಯಾವ ವರ್ಷ? ಈ ಕೆಲಸಕ್ಕೆ ಯಾರನ್ನೂ ಕೇಳಬೇಡಿ. ಈಗ ನಿಮಗೇ ಬರೆಯಲು ಬರುತ್ತದೆ.