ಕಾಲ ದಾಟಿದ ಕಥೆಗೆ ಎರಡು ತೀರ್ಪು

ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಓದುಗರು ಎರಡು ಪಾಲಾದರು. ಪ್ರತಿಗಳಿಗೆ ಮುಗಿಬಿದ್ದವರೊಂದು ಕಡೆ, ಸಾಹಿತಿ ಯು.ಆರ್. ಅನಂತಮೂರ್ತಿಯವರಂತೆ ಕಟುವಾಗಿ ಟೀಕಿಸಿದವರು ಇನ್ನೊಂದು ಕಡೆ. ಇದು ಕಾಲ ದಾಟುವ ಕಥೆ, ಆದರೆ ಇಲ್ಲಿ ಕಾಲಯಂತ್ರವಿಲ್ಲ. ಪ್ರೀತಿಸಿ ಮದುವೆಯಾಗಿ ರಜಿಯಾ ಆದ ಲಕ್ಷ್ಮಿ, ತಾನೇ ಬರೆಯುವ ಕಾದಂಬರಿಯ ಮೂಲಕ ಔರಂಗಜೇಬನ ಕಾಲಕ್ಕೆ ಹೋಗುತ್ತಾಳೆ. ಅಲ್ಲಿ ಸೆರೆಯಾದ ರಜಪೂತ ರಾಜಕುಮಾರನೂ ಅವನ ಹೆಂಡತಿಯೂ ಜನಾನಾದ ಪಾಲಾಗುತ್ತಾರೆ. ಕಾದಂಬರಿಗೆ ಸಾಕ್ಷ್ಯ ಕೇಳುವುದು ಅರಸಿಕತನ ಎನ್ನುವವರಿದ್ದಾರೆ. ಆದರೆ ಆಕರಗ್ರಂಥಗಳ ಉದ್ದ ಪಟ್ಟಿಯನ್ನು ಒಳಗಿಟ್ಟುಕೊಂಡು, ನಿಜವೆಂದು ನಂಬಿ ಎಂದದ್ದು ಈ ಕಾದಂಬರಿಯೇ. ಹಾಗಾಗಿ ಓದುಗ ತಕ್ಕಡಿ ಹಿಡಿದರೆ ತಪ್ಪಲ್ಲ.

ಪಟ್ಟಿ ಇದೆಯಲ್ಲ, ಇನ್ನೇನು ಬೇಕು ಎಂಬುದು ಅಭಿಮಾನಿಗಳ ವಾದ. 1669ರಲ್ಲಿ ಔರಂಗಜೇಬ ಕಾಶಿಯ ವಿಶ್ವನಾಥನ ಗುಡಿ ಕೆಡವಿಸಿದ್ದು ಸುಳ್ಳಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಪ್ರಶ್ನೆ ಇರುವುದು ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆಯಲ್ಲಿ. ಅದೇ 17ನೇ ಶತಮಾನದಲ್ಲಿ ಇತ್ತ ಕನ್ನಡ ನಾಡಿನ ಜೇವರ್ಗಿಯ ಷಣ್ಮುಖ ಶಿವಯೋಗಿ ವಚನ ಬರೆಯುತ್ತಿದ್ದರು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹಿಂದೂಗಳೂ ನಡೆದುಕೊಳ್ಳುತ್ತಾರೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಪಾರಾಯಣವಾಗುವ ‘ಗುರುಚರಿತ್ರೆ’ಯಲ್ಲಂತೂ ಅಗಸನೊಬ್ಬ ಮುಂದಿನ ಜನ್ಮದಲ್ಲಿ ಬೀದರಿನ ಮುಸ್ಲಿಂ ದೊರೆಯಾಗಿ, ಹಳೆಯ ಗುರುವನ್ನು ಗುರುತಿಸುತ್ತಾನೆ. (ಕಾಲಪ್ರಯಾಣದ ಕಥೆ ನಮಗೆ ಹೊಸತೇನಲ್ಲ!) ಇದು ಭಕ್ತಿಕಥೆ, ಇತಿಹಾಸವಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ಜನ ತಮ್ಮ ನಿನ್ನೆಯನ್ನು ಹೇಗೆ ಕಲ್ಪಿಸಿಕೊಂಡರು ಎಂಬುದಕ್ಕೆ ಅದು ಪುರಾವೆ. ಲಕ್ಷ್ಮಿಯ ಪಯಣದಲ್ಲಿ ಇಂಥ ಊರುಗಳಿಗೆ ನಿಲುಗಡೆಯಿಲ್ಲ. ಮೆಚ್ಚಿದವರು ಅವಳು ಕಂಡದ್ದನ್ನು ನೋಡಿದರು, ಮೆಚ್ಚದವರು ಕಾಣದ್ದನ್ನು.